ಅಪ್ಪಯ್ಯನ ಬಾಣಂತನ

ಬೆಳಿಗ್ಗೆ ಹತ್ತಕ್ಕೆ ರೌಂಡ್ಸಿಗೆ ಬಂದ ಡಾಕ್ಟರು 'ಇವತ್ತು ಮನೆಗೆ ಕರೆದುಕೊಂಡು ಹೋಗಬಹುದು' ಎಂದರು. ಅಪ್ಪಯ್ಯ ಎಡಗೈಯೊಂದನ್ನೇ ಎತ್ತಿ ಅವರಿಗೆ ನಮಸ್ಕರಿಸಿದರು. ಲಕ್ವ ಹೊಡೆದು ಬಲಗೈ ಏಳದೆ ಹದಿನಾರು ದಿನವಾಗಿತ್ತು. ಅಮ್ಮ ಆಗಲೇ ಫ್ಲಾಸ್ಕು, ಚೊಂಬು, ಚಾಪೆ ಎಲ್ಲವನ್ನೂ ಚೀಲಕ್ಕೆ ತುಂಬಿ ಮಂಚದ ಪಕ್ಕ ಕೂತುಬಿಟ್ಟಳು. ನಾವು ಆಸ್ಪತ್ರೆಯ ಗೇಟು ದಾಟುವಾಗ ಸಂಜೆ ಐದೂವರೆ.

ನಡುವಿನ ಏಳೂವರೆ ಗಂಟೆ ಬಿಲ್ಲಿಗೆ ಹೋಯಿತು. ಉಳಿದ ಇಂಜೆಕ್ಷನ್ ಫಾರ್ಮಸಿಗೆ ವಾಪಸ್ ಮಾಡಬೇಕು, ರಸೀದಿ ತರಬೇಕು, ನನ್ನ ಆಫೀಸಿನ ವಿಮೆಯವರು ಒಪ್ಪಿಗೆ ಕಳಿಸಬೇಕು. ಎಲ್ಲ ಮುಗಿದು ವೀಲ್‌ಚೇರ್ ಬಂದು ನಿಂತಾಗ ನರ್ಸ್ ಫೈಲ್ ಹಿಡಿದು ಓಡಿ ಬಂದರು. ಕೈಗೆ ಚುಚ್ಚಿದ್ದ ಸೂಜಿ ತೆಗೆದು ಹತ್ತಿ ಒತ್ತಿ, ಮಾತ್ರೆಯ ಪೊಟ್ಟಣಗಳನ್ನು ಒಂದೊಂದಾಗಿ ತೋರಿಸಿದರು. 'ಇದು ಬೆಳಿಗ್ಗೆ, ಇದು ರಾತ್ರಿ, ಇದು ಎರಡು ಹೊತ್ತು, ಇದು ಖಾಲಿ ಹೊಟ್ಟೆಗೆ. ಎಲ್ಲ ಬರೆದಿದೆ. ಹದಿನೈದು ದಿನ ಬಿಟ್ಟು ಬನ್ನಿ.' ಐದು ನಿಮಿಷವೂ ಆಗಲಿಲ್ಲ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವರ ಪಾಲಿಗೆ ಇನ್ನೂ ಎಷ್ಟೋ ಮಂಚಗಳಿದ್ದವು. ಆದರೆ ಆ ಐದು ನಿಮಿಷದಲ್ಲಿ, ಹದಿನಾರು ದಿನ ಡಾಕ್ಟರು, ನರ್ಸು, ಫಿಸಿಯೋ, ಆಯಾ ಸೇರಿ ಮಾಡುತ್ತಿದ್ದ ಕೆಲಸವೆಲ್ಲ ಅರವತ್ತೆಂಟು ವರ್ಷದ ನನ್ನ ಅಮ್ಮನ ಮಡಿಲಿಗೆ ಬಂದು ಬಿದ್ದಿತ್ತು.

ಬಿಡುಗಡೆಯ ಅರ್ಜಿ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ತೀರ್ಮಾನ ತಿಳಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸುತ್ತೋಲೆ ಹೊರಡಿಸಿದೆ. ತಡವಾಗಿ ಆಸ್ಪತ್ರೆ ಹೆಚ್ಚು ದುಡ್ಡು ಕೇಳಿದರೆ ಅದನ್ನು ಕಂಪನಿಯೇ ಭರಿಸಬೇಕು. ಒಳ್ಳೆಯ ನಿಯಮ. ಮನೆಯವರಿಗೆ ಆರೈಕೆ ಹೇಳಿಕೊಡಲು ಕಡೇಪಕ್ಷ ಒಂದು ಗಂಟೆ ಕೊಡಬೇಕು ಎಂದು ಗಡಿಯಾರ ಹಿಡಿದು ಹೇಳುವವರೂ ಇದ್ದಿದ್ದರೆ ಎಂದು ನನಗೆ ಅನ್ನಿಸಿದ್ದು ಆಮೇಲೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು. ಜಗಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ನಾಲ್ಕು ಹೊಸ್ತಿಲು, ಒಂದೊಂದೂ ಗೇಣೆತ್ತರ. ಪಾಯಖಾನೆ ಹಿತ್ತಿಲಾಚೆ, ಕುಕ್ಕರುಗಾಲಲ್ಲಿ ಕೂರುವಂಥದ್ದು. ಆಸ್ಪತ್ರೆಯ ನುಣುಪು ನೆಲದ ಮೇಲೆ ವಾಕರ್ ಹಿಡಿದು ಅಪ್ಪಯ್ಯ ಎಂಟು ಹೆಜ್ಜೆ ನಡೆದಿದ್ದರು. 'ನಡೆಯುತ್ತಾರೆ' ಎಂದು ಫೈಲಿನಲ್ಲಿ ಬರೆದದ್ದೂ ಆಗಿತ್ತು. ನಿಮ್ಮ ಮನೆ ಹೇಗಿದೆ ಎಂದು ಒಬ್ಬರೂ ಕೇಳಿರಲಿಲ್ಲ, ಹೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ಅಣ್ಣ, ನಾನು, ಆಳುಮಗ, ಪಕ್ಕದ ಮನೆಯವರು ನಾಲ್ಕು ಜನ ಸೇರಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ಒಳಗೆ ತಂದೆವು. ಸ್ವಂತ ಮನೆಗೆ ಹಾಗೆ ಹೊಗಬೇಕಾಗಿ ಬಂದದ್ದಕ್ಕೆ ಅವರ ಕಣ್ಣಲ್ಲಿ ನೀರು ಬಂತು.

ಅದೇ ವಾರ ಪಕ್ಕದ ಮನೆಯ ಮಗಳು ಹೆರಿಗೆಯಾಗಿ ತವರಿಗೆ ಬಂದಿದ್ದಳು. ಎರಡು ಮನೆಗಳ ನಡುವೆ ಇರುವುದು ಒಂದು ಬೇಲಿ ಮಾತ್ರ. ಆ ಬೇಲಿಯಾಚೆ ನಡೆಯುತ್ತಿದ್ದುದನ್ನು ಅಮ್ಮ ನೋಡುತ್ತಿದ್ದಳು, ನಾನೂ ನೋಡಿದೆ. ಬಾಣಂತನ ಮಾಡಲು ಹುಡುಗಿಯ ದೊಡ್ಡಮ್ಮ ತನ್ನ ಮನೆ ಬಿಟ್ಟು ಬಂದು ಕೂತಿದ್ದರು. ಹಂಡೆಗೆ ಬೆಂಕಿ ಯಾವಾಗ, ಎಣ್ಣೆ ಎಷ್ಟು, ಸೊಂಟಕ್ಕೆ ಬಟ್ಟೆ ಯಾವ ಬಿಗಿಯಲ್ಲಿ, ಮೆಣಸಿನ ಸಾರು ಯಾವತ್ತಿನಿಂದ, ಮಗುವನ್ನು ಕಾಲ ಮೇಲೆ ಹೇಗೆ ಮಲಗಿಸಿಕೊಂಡು ನೀರೆರೆಯಬೇಕು, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. ಬಾಣಂತನದ ಎಲ್ಲ ಪದ್ಧತಿಯೂ ಸರಿಯೆಂದು ನಾನು ಹೇಳುವುದಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವುದು ಶುದ್ಧ ತಪ್ಪು. ಆದರೆ ಬಾಣಂತಿ ಏನನ್ನೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಗೊತ್ತಿರುವ ಒಬ್ಬರು ಜವಾಬ್ದಾರಿ ಹೊತ್ತು ಮನೆಯಲ್ಲೇ ಇದ್ದರು. ಅಷ್ಟು ಸಾಲದೆಂಬಂತೆ ಸರ್ಕಾರವೂ ಬಾಗಿಲಿಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೇ ಬಂದು ನೋಡಬೇಕು. ತೂಕ, ಜ್ವರ, ಉಸಿರು, ಹೊಕ್ಕಳು ನೋಡಿ ಪುಸ್ತಕದಲ್ಲಿ ಬರೆಯಬೇಕು. ಈ ಆರೂ ಭೇಟಿಗೆ ಸೇರಿ ಆಕೆಗೆ ಸಿಗುವುದು 250 ರೂಪಾಯಿ. ಆದರೂ ಆಕೆ ಬರುತ್ತಾಳೆ.

ಬೇಲಿಯ ಈಚೆ, ಮಾತು ತೊದಲುವ, ಅರ್ಧ ಮೈ ಸ್ವಾಧೀನ ತಪ್ಪಿದ ಎಪ್ಪತ್ತನಾಲ್ಕರ ಮನುಷ್ಯನಿಗೆ ಯಾವ ದಿನವೂ ನಿಗದಿಯಾಗಿರಲಿಲ್ಲ, ಹದಿನೈದು ದಿನ ಬಿಟ್ಟು ಆಸ್ಪತ್ರೆಗೆ ಹೋಗುವ ದಿನವೊಂದನ್ನು ಬಿಟ್ಟು.

ಮನೆಗೆ ಬಂದ ಮೊದಲ ರಾತ್ರಿಯಿಂದಲೇ ಅಪ್ಪಯ್ಯನಿಗೆ ನೀರು ಕುಡಿದಾಗೆಲ್ಲ ಕೆಮ್ಮು. ಆಸ್ಪತ್ರೆಯ ಎಸಿ ಹೊಡೆದು ಶೀತವಾಗಿದೆ ಎಂದು ಅಮ್ಮ ಶುಂಠಿ ಕಷಾಯ ಮಾಡಿದಳು. ಅದನ್ನು ಕುಡಿದರೂ ಕೆಮ್ಮು. ಐದನೇ ದಿನ ಪೇಟೆಯಿಂದ ಫಿಸಿಯೋಥೆರಪಿಯ ಹುಡುಗ ಬಂದ. ಅಪ್ಪಯ್ಯನಿಗೆ ಒಂದು ಗುಟುಕು ನೀರು ಕುಡಿಸಿ ಗಂಟಲಮಣಿಯ ಮೇಲೆ ಎರಡು ಬೆರಳಿಟ್ಟು ನೋಡಿದ. ಲೋಟವನ್ನು ಅಲ್ಲೇ ಕೆಳಗಿಟ್ಟ.

'ಅಮ್ಮಾ, ಇದು ಶೀತ ಅಲ್ಲ. ನೀರು ದಾರಿ ತಪ್ಪಿ ಶ್ವಾಸಕ್ಕೆ ಹೋಗ್ತಿದೆ.'

ಲಕ್ವ ಹೊಡೆದಾಗ ಸೋಲುವುದು ಕೈಕಾಲು ಮಾತ್ರ ಎಂದು ನಾವು ತಿಳಿದಿದ್ದೆವು. ನುಂಗುವ ಸ್ನಾಯುಗಳೂ ಸೋಲುತ್ತವೆ. ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಮೊದಲ ದಿನಗಳಲ್ಲಿ ಈ ತೊಂದರೆ ಇರುತ್ತದೆ, ಅನೇಕರಲ್ಲಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ನೀರು ತೆಳ್ಳಗೆ, ಬೇಗ ಓಡುತ್ತದೆ. ಗಂಟಲು ನಿಧಾನ. ಮುಚ್ಚಬೇಕಾದ ಬಾಗಿಲು ಮುಚ್ಚುವ ಮೊದಲೇ ನೀರು ಶ್ವಾಸನಾಳಕ್ಕೆ ಇಳಿದು, ದಿನ ಕಳೆದಂತೆ ನ್ಯುಮೋನಿಯಾ ಆಗುತ್ತದೆ. ಲಕ್ವ ಹೊಡೆದವರು ಮತ್ತೆ ಆಸ್ಪತ್ರೆ ಸೇರುವುದಕ್ಕೆ ಇರುವ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಆ ಹುಡುಗ ಅಪ್ಪಯ್ಯನ ಬೆನ್ನಿಗೆ ಎರಡು ದಿಂಬು ಕೊಟ್ಟು ನೆಟ್ಟಗೆ ಕೂರಿಸಿದ. ಗದ್ದವನ್ನು ಎದೆಯ ಕಡೆ ಬಾಗಿಸಿದ. ಬಾಯಿಯ ಎಡಭಾಗಕ್ಕೆ, ಸ್ವಾಧೀನ ಇರುವ ಕಡೆಗೆ, ಅರ್ಧ ಚಮಚ ಇಟ್ಟ. ನುಂಗಿದ ಮೇಲೆ 'ಆ' ಅನ್ನಿಸಿ ದನಿ ಕೇಳಿದ. ದನಿ ನೀರಲ್ಲಿ ನೆನೆದಂತೆ ಗೊರಗೊರ ಎಂದರೆ ಗಂಟಲಲ್ಲಿ ಇನ್ನೂ ಉಳಿದಿದೆ ಎಂದು ಅರ್ಥ, ಮುಂದಿನ ಚಮಚ ಕೊಡಬಾರದು. ಊಟವಾದ ಅರ್ಧ ಗಂಟೆ ಮಲಗಿಸಲೇಬಾರದು. ನುಂಗುವುದನ್ನು ಪರೀಕ್ಷಿಸಲು ಬೇರೆ ತಜ್ಞರಿದ್ದಾರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮರೆಯದೆ ಕೇಳಿ ಎಂದ. ನೀರನ್ನು ಸ್ವಲ್ಪ ದಪ್ಪ ಮಾಡಿ ಕೊಡಿ ಎಂದಾಗ ಅಮ್ಮನಿಗೆ ಗೊಂದಲವಾಯಿತು. ಎಷ್ಟು ದಪ್ಪ? ಅವನಿಗೂ ಹೇಳಲು ಬರಲಿಲ್ಲ. ಚಮಚ ಓರೆ ಮಾಡಿದರೆ ಸುರಿಯಬಾರದು, ಜಾರಬೇಕು ಎಂದ. ಅಮ್ಮ ಒಳಗೆ ಹೋಗಿ ರಾಗಿ ಕದಡಿ ಕುದಿಸಿ ತಂದಳು, ಮೊಮ್ಮಗನಿಗೆ ಆರು ತಿಂಗಳಾದಾಗ ಮಾಡುತ್ತಿದ್ದ ರಾಗಿ ಮಣ್ಣಿಯ ಹದ. 'ಇದೇ, ಇದೇ' ಎಂದ ಹುಡುಗ. ಅವತ್ತು ಅಪ್ಪಯ್ಯ ಕೆಮ್ಮದೆ ಒಂದು ಬಟ್ಟಲು ಕುಡಿದರು. ಅಮ್ಮನ ಕೈಗೆ ಎಲ್ಲ ಗೊತ್ತಿತ್ತು. ಗೊತ್ತಿರುವುದನ್ನು ಇಲ್ಲಿಗೂ ಹಚ್ಚಬಹುದು ಎಂದು ಹೇಳುವವರು ಬೇಕಾಗಿತ್ತು, ಅದೂ ಐದು ದಿನ ಮೊದಲು.

ಮಾತ್ರೆಯದ್ದು ಇದಕ್ಕಿಂತ ದೊಡ್ಡ ಕತೆ. ಅಪ್ಪಯ್ಯ ಹತ್ತು ವರ್ಷದಿಂದ ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರು. ಆಸ್ಪತ್ರೆಯವರು ಬರೆದ ಹೊಸ ಮಾತ್ರೆಯಲ್ಲಿ ಎರಡು ಔಷಧ ಕೂಡಿದ್ದವು, ಅದರಲ್ಲೊಂದು ಅದೇ ಆಮ್ಲೋಡಿಪಿನ್. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಹಳೆಯದನ್ನು ನಿಲ್ಲಿಸಿ ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಲ್ಲೂ ಇರಲಿಲ್ಲ. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ಹತ್ತು ವರ್ಷದಿಂದ ಕೇಳುತ್ತ ಬಂದ ಅಮ್ಮ ಎರಡನ್ನೂ ಕೊಡುತ್ತ ಹೋದಳು. ಎಂಟನೇ ದಿನ ಬೆಳಿಗ್ಗೆ ಮಂಚದಿಂದ ಏಳುವಾಗ ಅಪ್ಪಯ್ಯನಿಗೆ ಕಣ್ಣು ಕತ್ತಲೆ ಬಂದು ಅತ್ತಿಗೆಯ ಮೇಲೆ ಒರಗಿದರು. ಆಕೆ ಗೋಡೆ ಹಿಡಿದು ನಿಂತದ್ದರಿಂದ ಇಬ್ಬರೂ ಉಳಿದರು. ಅಣ್ಣ ಮಾತ್ರೆಗಳನ್ನೆಲ್ಲ ಬುಟ್ಟಿಗೆ ಹಾಕಿಕೊಂಡು ಪೇಟೆಗೆ ಹೋದ. ನಮ್ಮ ಮೆಡಿಕಲ್ ಶಾಪಿನವರು ಕನ್ನಡಕ ಏರಿಸಿ ಸ್ಟ್ರಿಪ್ಪುಗಳ ಬೆನ್ನಿನ ಸಣ್ಣಕ್ಷರ ಓದಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, 'ಈಗಲೇ ಡಾಕ್ಟರಿಗೆ ಫೋನ್ ಮಾಡಿ' ಎಂದರು. ಹಳೆಯದು ಅವತ್ತೇ ನಿಂತಿತು.

ಆ ಸಮ್ಮರಿ ನನ್ನ ಬಳಿ ಈಗಲೂ ಇದೆ. ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ಮೂರೂವರೆ ಪುಟ ಹದಿನಾರು ದಿನದಲ್ಲಿ ಏನಾಯಿತು ಎಂಬುದು. ಇನ್ನು ಮುಂದೆ ಏನು ಮಾಡಬೇಕು ಎಂಬುದಕ್ಕೆ ಅರ್ಧ ಪುಟ, ಅದರಲ್ಲೂ ಮಾತ್ರೆಯ ಪಟ್ಟಿಯೇ ಹೆಚ್ಚು. ಔಷಧ ಮತ್ತು ಮುಂದಿನ ಸೂಚನೆಗಳು ಅರ್ಥವಾಗುವ ರೀತಿಯಲ್ಲಿರಬೇಕು, ತುರ್ತು ಬಂದರೆ ಯಾವಾಗ ಹೇಗೆ ನೆರವು ಪಡೆಯಬೇಕು ಎಂದೂ ಅದರಲ್ಲಿರಬೇಕು ಎಂದು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮಾನದಂಡವೇ ಹೇಳುತ್ತದೆ. ಯಾರಿಗೆ ಅರ್ಥವಾಗಬೇಕು ಎಂಬುದನ್ನೂ ಅದರ ಜೊತೆಗೇ ಕೇಳಿಕೊಳ್ಳಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು 2024ರಲ್ಲಿ, ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದರು. ಕೆಲವು ವೈದ್ಯರು ಬರೆದೂ ತೋರಿಸಿದರು. ನನಗೆ ಆ ಚೀಟಿಗಿಂತ ಈ ಅರ್ಧ ಪುಟ ಕನ್ನಡದಲ್ಲಿ ಬರುವುದು ಮುಖ್ಯ. ಚೀಟಿಯನ್ನು ಮೆಡಿಕಲ್ ಶಾಪಿನವರು ಓದಿಕೊಳ್ಳುತ್ತಾರೆ. ಈ ಪುಟವನ್ನು ರಾತ್ರಿ ಎರಡು ಗಂಟೆಗೆ, ಗಂಡನಿಗೆ ಏನೋ ಆಗುತ್ತಿದೆ ಅನ್ನಿಸಿದಾಗ, ಓದಬೇಕಾದವಳು ನನ್ನ ಅಮ್ಮ. ಆಕೆ ಕನ್ನಡ ಏಳನೇ ಕ್ಲಾಸು ಓದಿದವಳು, ದಿನಾ ಪೇಪರ್ ಓದುವವಳು. ಹಳೆಯದನ್ನು ನಿಲ್ಲಿಸಿ ಎಂದು ಕನ್ನಡದಲ್ಲಿ ಇದ್ದಿದ್ದರೆ ಎರಡು ಬಿಪಿ ಮಾತ್ರೆಯ ತಪ್ಪನ್ನು ಆಕೆಯೇ ಹಿಡಿಯುತ್ತಿದ್ದಳು.

ಅತ್ತಿಗೆ ಅವತ್ತೇ ರಾತ್ರಿ ಹಳೇ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮನೆ ಮಾಡಿದಳು. ಪ್ರತಿ ಮನೆಯಲ್ಲೂ ಖಾಲಿ ಸ್ಟ್ರಿಪ್ಪಿನ ತುಂಡು ಕತ್ತರಿಸಿ ಅಂಟಿಸಿ ಕೆಳಗೆ 'ರಕ್ತ ತೆಳುವಾಗಲು', 'ಬಿಪಿಗೆ', 'ಕೊಬ್ಬಿಗೆ' ಎಂದು ಬರೆದಳು. ಎಲ್ಲಕ್ಕಿಂತ ಕೆಳಗೆ ಕೆಂಪು ಪೆನ್ನಿನಲ್ಲಿ 'ಹಳೇ ಬಿಪಿ ಮಾತ್ರೆ ಕೊಡಬಾರದು'. ಗೋಡೆಯ ಮೇಲೆ ತೂಗುಬಿದ್ದ ಆ ಹಾಳೆ ನಾಲ್ಕು ಪುಟದ ಸಮ್ಮರಿಗಿಂತ ಹೆಚ್ಚು ಕೆಲಸ ಮಾಡಿತು.

ಯೋಗಕ್ಷೇಮ ವಿಚಾರಿಸಲು ಬಂದವರೆಲ್ಲ ಪ್ರೀತಿಯಿಂದಲೇ ಬಂದರು. ಬಂದವರು ಅಪ್ಪಯ್ಯನ ಬಲಗೈ ಹಿಡಿದು 'ಏಳಿ, ಕೂತ್ಕೊಳ್ಳಿ' ಎಂದು ಎಳೆದರು. ಸ್ವಾಧೀನ ಇಲ್ಲದ ಕೈಯನ್ನು ಎಳೆಯಬಾರದು. ಹಿಡಿದಿಡುವ ಸ್ನಾಯು ಸೋತಿರುವಾಗ ಭುಜದ ಕೀಲು ಜಾರುತ್ತದೆ. ಅಪ್ಪಯ್ಯನಿಗೆ ಭುಜದ ನೋವು ಶುರುವಾದದ್ದು ಹಾಗೇ, ನಾಲ್ಕು ತಿಂಗಳು ಬಿಡಲಿಲ್ಲ.

ಮೊದಲ ಎರಡು ವಾರ ಅವರು ನಮ್ಮ ಅಪ್ಪಯ್ಯನ ಹಾಗೆಯೇ ಇರಲಿಲ್ಲ. ರಾತ್ರಿ ಎದ್ದು ಎಂದೋ ಸತ್ತುಹೋದ ಎತ್ತಿನ ಹೆಸರು ಹಿಡಿದು ಕರೆಯುತ್ತಿದ್ದರು. ಹಗಲು ತೂಕಡಿಕೆ, ಊಟ ಬೇಡ. ಲಕ್ವ ಮತ್ತೆ ಬಂತೇ ಎಂದು ನಾವು ಹೆದರಿದೆವು. ಯೇಲ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಹಾರ್ಲನ್ ಕ್ರುಮ್‌ಹೋಲ್ಜ್ 2013ರಲ್ಲಿ ಬರೆದ ಪ್ರಬಂಧವೊಂದನ್ನು ನಾನು ಓದಿದ್ದು ಆಮೇಲೆ. ಅಮೆರಿಕದಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದ ಹಿರಿಯರಲ್ಲಿ ಐವರಿಗೊಬ್ಬರು 30 ದಿನದೊಳಗೆ ಮತ್ತೆ ಸೇರುತ್ತಿದ್ದರು. ಬಹಳಷ್ಟು ಮಂದಿ ಮೊದಲಿನ ಕಾಯಿಲೆಗಲ್ಲದೆ ಬೇರೆಯದಕ್ಕೇ ಸೇರುತ್ತಿದ್ದರು. ಮುರಿದ ನಿದ್ದೆ, ಪರೀಕ್ಷೆಗಾಗಿ ತಪ್ಪಿದ ಊಟ, ನೋವು, ಹೊಸ ಔಷಧ, ಹಾಸಿಗೆ ಹಿಡಿದ ಮೈ, ಎಲ್ಲ ಸೇರಿ ಆಸ್ಪತ್ರೆಯ ವಾಸವೇ ಮನುಷ್ಯನನ್ನು ಕೆಲವು ವಾರ ನಾಜೂಕಾಗಿಸುತ್ತದೆ ಎಂದು ಅವರು ವಾದಿಸಿದರು. ಅಪ್ಪಯ್ಯನನ್ನು ಬೆಳಗಿನ ಜಾವ ನಾಲ್ಕಕ್ಕೆ ರಕ್ತ ತೆಗೆಯಲು ಎಬ್ಬಿಸುತ್ತಿದ್ದುದು ನನಗೆ ನೆನಪಾಯಿತು. 2007ರ ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಬರೀ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದ್ದಕ್ಕೇ ಕಾಲಿನ ಮಾಂಸಖಂಡ ಹತ್ತಿರ ಹತ್ತಿರ ಒಂದು ಕೆ.ಜಿ. ಕರಗಿತ್ತು. ಇದನ್ನು ಒಬ್ಬರು ಎರಡು ಮಾತಿನಲ್ಲಿ ಮೊದಲೇ ಹೇಳಿದ್ದರೆ ನಾವು ಅಷ್ಟು ಹೆದರುತ್ತಿರಲಿಲ್ಲ, ಅವರನ್ನು ಹಗಲು ಮಲಗಲು ಬಿಡುತ್ತಲೂ ಇರಲಿಲ್ಲ.

ನಾನು ಆರನೇ ದಿನ ಬೆಂಗಳೂರಿಗೆ ಮರಳಿದ್ದೆ. ಉಳಿದದ್ದನ್ನೆಲ್ಲ ಫೋನಿನಲ್ಲೇ ಕೇಳಿದವನು. ಅಣ್ಣ ಅಡಿಕೆಯ ಕೊನೆಕೊಯ್ಲಿನಲ್ಲಿದ್ದ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕಮೋಡ್ ಕುರ್ಚಿ ತೊಳೆಯುವುದು, ಒದ್ದೆ ಬಟ್ಟೆ ಹಿಂಡುವುದು ಎಲ್ಲ ಅಮ್ಮ ಮತ್ತು ಅತ್ತಿಗೆಯ ಪಾಲು. ಇದು ನಮ್ಮ ಮನೆಯ ಮಾತಷ್ಟೇ ಅಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯವರ ಆರೈಕೆ ಮಾಡುವವರಲ್ಲಿ ಹೆಂಗಸರು ದಿನಕ್ಕೆ 134 ನಿಮಿಷ, ಗಂಡಸರು 76 ನಿಮಿಷ ಅದಕ್ಕೆ ಕೊಡುತ್ತಾರೆ. ಹೋಮ್ ನರ್ಸ್ ಇಡೋಣ ಎಂದು ನಾನು ದುಡ್ಡು ಕಳಿಸಿದೆ. ಒಬ್ಬಾಕೆ ಬಂದು, ಕಾಡಿನ ನಡುವಿನ ಮನೆ ನೋಡಿ ಮೂರನೇ ದಿನ ಬಸ್ ಹತ್ತಿದಳು. ಅಮ್ಮನ ಸೊಂಟ ಹಿಡಿದುಕೊಂಡಿದೆ ಎಂದು ಅತ್ತಿಗೆ ಹೇಳುವವರೆಗೆ ನಾನು ಫೋನಿನಲ್ಲಿ ಕೇಳುತ್ತಿದ್ದುದು ಅಪ್ಪಯ್ಯನ ಬಗ್ಗೆ ಮಾತ್ರ.

ಮನೆಯವರಿಗೆ ಕಲಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ನಂಬುವುದಿಲ್ಲ. ಭಾರತದ 14 ಆಸ್ಪತ್ರೆಗಳಲ್ಲಿ ಲಕ್ವ ಹೊಡೆದ 1,250 ರೋಗಿಗಳನ್ನು ಸೇರಿಸಿಕೊಂಡು ಇದನ್ನೇ ಪರೀಕ್ಷಿಸಿದ್ದಾರೆ. ಅರ್ಧದಷ್ಟು ಮನೆಗಳಲ್ಲಿ ಒಬ್ಬರಿಗೆ ವ್ಯಾಯಾಮ, ಆರೈಕೆ ಎಲ್ಲ ಕಲಿಸಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಇನ್ನೊಬ್ಬರ ಮೇಲೆ ಅವಲಂಬಿತರಾಗಿ ಉಳಿದವರು ಎರಡೂ ಗುಂಪಿನಲ್ಲಿ ನೂರಕ್ಕೆ 47. ವ್ಯತ್ಯಾಸವೇ ಇಲ್ಲ. ಇದನ್ನು ಓದಿ ನನಗೆ ಮೊದಲು ಬೇಸರವಾಯಿತು, ಆಮೇಲೆ ಅಮ್ಮನ ಸೊಂಟ ನೆನಪಾಗಿ ಸಮಾಧಾನವೂ ಆಯಿತು. ನುರಿತ ಫಿಸಿಯೋ ತಿಂಗಳುಗಟ್ಟಲೆ ಮಾಡಬೇಕಾದ ಕೆಲಸವನ್ನು ಮನೆಯ ಹೆಂಗಸಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲಾಗದು ಎಂದು ನಾನು ಅದನ್ನು ಓದಿಕೊಂಡೆ. ಮಾತ್ರೆ ಬೆರೆಯದಂತೆ, ನೀರು ಶ್ವಾಸಕ್ಕೆ ಹೋಗದಂತೆ, ಭುಜ ಜಾರದಂತೆ ನೋಡಿಕೊಳ್ಳುವುದನ್ನು ಮನೆಗೆ ಕಲಿಸಲೇಬೇಕು. ಬೆಂಗಳೂರಿನ ನಾರಾಯಣ ಸಮೂಹದ ಆಸ್ಪತ್ರೆಗಳಲ್ಲಿ ನೂರಾ ಹೆಲ್ತ್ ಸಂಸ್ಥೆ ಹತ್ತು ವರ್ಷಗಳ ಹಿಂದೆಯೇ ಅಂಥದ್ದನ್ನು ಶುರುಮಾಡಿದೆ. ವಾರ್ಡಿನ ಪಡಸಾಲೆಯಲ್ಲಿ ಕಾಯುತ್ತ ಕೂತ ಮನೆಯವರನ್ನೇ ಸೇರಿಸಿ ನರ್ಸುಗಳು ಪಾಠ ಹೇಳುತ್ತಾರೆ, ಮನೆಗೆ ಹೋದ ಮೇಲೂ ಮೊಬೈಲಿನಲ್ಲಿ ಸಂಪರ್ಕ ಇಟ್ಟುಕೊಳ್ಳುತ್ತಾರೆ. ಈಗ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲೂ ಇದು ನಡೆಯುತ್ತಿದೆ. ಹದಿನಾರು ದಿನ ವಾರ್ಡಿನ ಹೊರಗಿನ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಅಮ್ಮನಿಗೆ ಎಷ್ಟೆಲ್ಲ ಕಲಿಸಬಹುದಿತ್ತು!

ಮನೆಗೆ ಬರುವ ನೆರವಿನ ಮಾತಿಗೆ ಬಂದರೆ ನೆರೆಯವರು ನಮಗಿಂತ ಮುಂದಿದ್ದಾರೆ. ಕೇರಳ 2008ರಲ್ಲೇ ಉಪಶಮನ ಆರೈಕೆಯ ನೀತಿ ತಂದಿತು. ಅಲ್ಲಿ ಪಂಚಾಯಿತಿಯ ನರ್ಸ್ ಕ್ಯಾನ್ಸರ್ ರೋಗಿಗಳಲ್ಲದೆ ಹಾಸಿಗೆ ಹಿಡಿದ ಇತರರ ಮನೆಗೂ ಹೋಗುತ್ತಾರೆ. ಹೊಸೂರಿನ ಆಚೆ, ನಮ್ಮ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯಲ್ಲಿ 2021ರ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಶುರುಮಾಡಿತು. ಬಿಪಿ, ಸಕ್ಕರೆ ಮಾತ್ರೆಯ ಜೊತೆ ಫಿಸಿಯೋಥೆರಪಿಯೂ ಬಾಗಿಲಿಗೆ ಬರುತ್ತದೆ. ನಮ್ಮಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ 'ಗೃಹ ಆರೋಗ್ಯ' ಮೂವತ್ತು ದಾಟಿದವರ ಬಿಪಿ, ಸಕ್ಕರೆಯನ್ನು ಮನೆಯಲ್ಲೇ ತಪಾಸಣೆ ಮಾಡುತ್ತದೆ. ಕಾಯಿಲೆ ಹುಡುಕಲು ಬರುವ ಆ ಕಾಲುಗಳೇ ಕಾಯಿಲೆಯಿಂದ ಎದ್ದು ಬಂದವರನ್ನು ನೋಡಲೂ ಬರಬಹುದು. ಆಯುಷ್ಮಾನ್ ಭಾರತದ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ ಔಷಧ, ಪರೀಕ್ಷೆಗಳಿಗೆ 15 ದಿನದ ಲೆಕ್ಕವಿದೆ. ಲಕ್ವ ಹೊಡೆದವರು ಹೆಚ್ಚು ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಆ ಮೂರು ತಿಂಗಳಿಗೂ ಯಾರಾದರೂ ಲೆಕ್ಕ ಹಾಕಬೇಕು.

ಬೇಲಿಯಾಚೆಯ ಮಗುವಿನ ಹದಿನಾಲ್ಕನೇ ದಿನದ ಭೇಟಿಗೆ ಬಂದ ಆಶಾ ಕಾರ್ಯಕರ್ತೆಯನ್ನು ಅಮ್ಮ ಕರೆದೇಬಿಟ್ಟಳು. 'ಒಂದ್ಸಲ ನಮ್ಮವರನ್ನೂ ನೋಡಿ ಹೋಗೇ ತಾಯಿ.' ಆಕೆ ಚೀಲ ಹೆಗಲಿಗೇರಿಸಿ ಬೇಲಿ ದಾಟಿ ಬಂದಳು. 'ನನ್ನ ಪುಸ್ತಕದಲ್ಲಿ ಇವರಿಗೆ ಜಾಗ ಇಲ್ಲ ಅಮ್ಮಾ' ಎಂದಳು, ಎನ್ನುತ್ತಲೇ ಅಪ್ಪಯ್ಯನ ಕಾಲಿನ ಬಳಿ ಕೂತು ಹೊದಿಕೆ ಸರಿಸಿದಳು. ಬಲಗಾಲಿನ ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಕೆಂಪು ಕಲೆ. ಬೆರಳಿನಿಂದ ಒತ್ತಿ ಬಿಟ್ಟಳು. ಕೆಂಪು ಹೋಗಲಿಲ್ಲ. ಒತ್ತಿದಾಗ ಬೆಳ್ಳಗಾಗದ ಕೆಂಪು ಎಂದರೆ ಹುಣ್ಣಿನ ಮೊದಲ ಹೆಜ್ಜೆ. ಸೀರೆಯೊಂದನ್ನು ಮಡಿಸಿ ಮೀನಖಂಡದ ಕೆಳಗಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದಳು. ಉಜ್ಜಬೇಡಿ, ಹೀಗೇ ಇರಲಿ ಎಂದಳು. ಇಪ್ಪತ್ತೊಂದನೇ ದಿನ ಬಂದಾಗ ಕಲೆ ತಿಳಿಯಾಗಿತ್ತು. ಮಗುವಿನ ನಲವತ್ತೆರಡನೇ ದಿನದವರೆಗೂ ಅವಳು ಬಂದಾಗೆಲ್ಲ ಬೇಲಿ ದಾಟಿದಳು. ಅದಕ್ಕೆ ಅವಳಿಗೆ ಯಾರೂ ಒಂದು ರೂಪಾಯಿ ಕೊಡಲಿಲ್ಲ. ಅಮ್ಮ ಕೊಟ್ಟ ಎರಡು ತೆಂಗಿನಕಾಯಿಯನ್ನೂ ಅವಳು ಬಲವಂತಕ್ಕೆ ತೆಗೆದುಕೊಂಡಳು.

ಫಿಸಿಯೋ ಹುಡುಗ ಹೇಳಿದ ಅಳತೆಗೆ ಅಣ್ಣ ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು ಸೊಂಟದೆತ್ತರಕ್ಕೆ ಎರಡು ಉದ್ದ ದಬ್ಬೆ ಕಟ್ಟಿದ. ಸಿಬಿರು ಚುಚ್ಚದಂತೆ ಹಳೇ ಪಂಚೆ ಸುತ್ತಿದ. ದಿನಾ ಬೆಳಿಗ್ಗೆ ಅಪ್ಪಯ್ಯ ಅದರ ನಡುವೆ ತುಳಸಿಕಟ್ಟೆಯವರೆಗೆ ಹೋಗಿ ತಿರುಗುತ್ತಿದ್ದರು, ಬಲಗಾಲು ಎಳೆಯುತ್ತ. ಒಳಗಿನ ಎರಡು ಹೊಸ್ತಿಲಿಗೆ ಆಚಾರರು ಇಳಿಜಾರಾಗಿ ಹಲಗೆ ಹೊಡೆದರು. ಉಳಿದೆರಡನ್ನು ದಾಟುವುದನ್ನು ಅಪ್ಪಯ್ಯ ಕಲಿತರು.

ಎಂಟು ತಿಂಗಳಾದ ಮೇಲೆ ಅವರ ಕೈಗೆ ದೊಣ್ಣೆ ಬಂತು, ವಾಕರ್ ಅಟ್ಟ ಸೇರಿತು. ಕಳೆದ ಮಳೆಗಾಲದಲ್ಲಿ ಕೆಳಗಿನ ಕೇರಿಯ ಅಜ್ಜಿ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ ಮನೆಗೆ ಬಂದರು. ಸುದ್ದಿ ಬಂದ ದಿನವೇ ಅಮ್ಮ ಅಣ್ಣನ ಕೈಲಿ ವಾಕರ್ ಇಳಿಸಿ ತೊಳೆಸಿದಳು, ಅತ್ತಿಗೆಯ ಕೈಲಿ ಒಂದು ಖಾಲಿ ಕ್ಯಾಲೆಂಡರ್ ತೆಗೆಸಿಕೊಂಡಳು, ಮಳೆಯಲ್ಲೇ ಕೊಡೆ ಹಿಡಿದು ಹೋದಳು. ಸಂಜೆ ಫೋನ್ ಮಾಡಿದಾಗ ಅಲ್ಲೇ ಇದ್ದಳು. 'ಹಳೇ ಮಾತ್ರೆ ಎಲ್ಲ ತರ್ಸಿ ನೋಡ್ತಾ ಇದ್ದೀನಿ, ಆಮೇಲೆ ಮಾಡು' ಎಂದು ಇಟ್ಟುಬಿಟ್ಟಳು.

ವಾಕರ್ ಇನ್ನೂ ವಾಪಸ್ ಬಂದಿಲ್ಲ.